ಕಾಲ ಬಿಡು, ಜಹೀರಣ್ಣ

ಕಡೀ ಬಸ್ಸು ಜಹೀರನ್ನ ಗೊಳಸಂಗಿ ಕ್ರಾಸಿನ್ಯಾಗ ಇಳಿಸಿ ಹೋದಾಗ ಹನ್ನೊಂದು ದಾಟಿತ್ತು. ಜೈಲಿನಿಂದ ಬಿಡೋದ ಹೊತ್ತು ಮುಳುಗಿದ ಮ್ಯಾಲ. ಕೋರ್ಟಿನ ಕಾಗದ ಬರಬೇಕು, ಪುಸ್ತಕದಾಗ ಹೆಬ್ಬಟ್ಟು ಒತ್ತಬೇಕು, ಆಮ್ಯಾಲ ಸಣ್ಣ ಬಾಗಿಲು ತಗೀತಾರ. ಹನ್ನೊಂದು ತಿಂಗಳಿಗೆ ಅವತ್ತ ಅಂವ ಹೊರಗ ಬಂದಿದ್ದ.

ಜಹೀರ ಅಂದ್ರ ವೆಲ್ಡಿಂಗ್ ಮಾಡಾಂವ. ಅವನ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಅಂವ ಹೇಳಿದ್ದನ್ನ ಹೇಳ್ತೇನಿ, ನನ್ನ ಕಡೆಯಿಂದ ಉಪ್ಪು ಖಾರ ಹಾಕಿಲ್ಲ.

ಕ್ರಾಸಿನಿಂದ ಮನಿಗೆ ನಡಕೊಂಡ ಬರಬೇಕು. ನಡುವ ಒಂದು ಆಲದ ಮರ, ಅದರ ಬುಡಕ ಹಳೇ ಬಾವಿ. ಚಂದ್ರ ಇರಲಿಲ್ಲ. ಮರ ಸಮೀಪ ಬಂತು... ಹಿಂದ ಸಪ್ಪಳ ಆತು.

ಪಚ್... ಪಚ್.

ಚಪ್ಪಲ ಸಪ್ಪಳ ಅಲ್ಲ. ಹಸಿ ಅಂಗಾಲು ನೆಲಕ್ಕ ಅಂಟಿ ಕಿತ್ತು ಬಂದಂಗ. ಜಹೀರ ನಿಂತ. ಅದೂ ನಿಂತಿತು. ಹೆಜ್ಜಿ ಇಟ್ಟ... ಪಚ್.

ಆ ಸಪ್ಪಳ ಅವಂಗ ಗೊತ್ತಿತ್ತು. ಹ್ಯಾಂಗ ಗೊತ್ತಿತ್ತು ಅಂದ್ರ, ಜೈಲಿಂದು ಹೇಳಬೇಕು.

ಯಾವ ಊರಿನ ಜೈಲು ಅಂತ ಕೇಳಬ್ಯಾಡ್ರಿ, ಹೇಳಾಂಗಿಲ್ಲ. ಸಂತ್ಯಾಗ ಒಂದು ಜಗಳ ಆಗಿ ಒಬ್ಬನ ತಲಿ ಒಡೀತು. ಜಹೀರ ಬಿಡಸಾಕ ಹೋದಾಂವ, ಅವನ ಹೆಸರೂ ಬಿತ್ತು. ಎರಡ ತಿಂಗಳಿಗೆ ಜಾಮೀನ ಕೊಟ್ರು. ಆದ್ರ ಹೊಲದ ಉತಾರ, ಅಂದ್ರ ಪಹಣಿ, ಇದ್ದಾಂವ ಒಬ್ಬ ಬಂದು ಜಾಮೀನ ನಿಲ್ಲಬೇಕಲ್ಲ? ಯಾರೂ ಬರಲಿಲ್ಲ. ಹಂಗ ಒಳಗ ಉಳದ. ಹದಿನೈದು ಮಂದಿಗೆ ಕಟ್ಟಿದ ಬ್ಯಾರಕ್ಕಿನ್ಯಾಗ ಐವತ್ತೆರಡು ಮಂದಿ. ಒಂದ ಸಂಡಾಸ, ಅದೂ ತುಂಬಿ ಹೊರಗ ಹರೀತಿತ್ತು. ಮೈತುಂಬ ತುರಿ, ಬ್ಯಾಳ್ಯಾಗ ಹುಳ.

ಅಲ್ಲೆ ಸಿದ್ಧರಾಮ ಅಂತ ಒಬ್ಬ ಇದ್ದ. ಸಿಂದಗಿ ಕಡಿಯಂವ, ಬೋರ್ಡ್ ಬರೀತಿದ್ದ, ಇಪ್ಪತ್ತೆರಡು ವಯಸ್ಸು. ಅಕ್ಷರ ಚಂದ. ಬಿಸ್ಕೀಟಿನ ಕಾಗದದ ಹಿಂದ ಇದನ್ನೆಲ್ಲಾ ಬರದ. ತಿಂಗಳಿಗೊಮ್ಮಿ ಜಡ್ಜ್ ಸಾಹೇಬ್ರು ನೋಡಾಕ ಬರ್ತಾರ. ಅವರ ಕೈಯಾಗ ಸೀದಾ ಕೊಟ್ಟ.

ಸಾಹೇಬ್ರ ಗಾಡಿ ಹೋತು. ತಾಸ ಆಗಿರಲಿಲ್ಲ, ಹೆಡ್ ವಾರ್ಡರ್ ಬಸಂತರಾಯ ಬಂದ. ಕೈಯಾಗ ಹಿಟ್ಟಿನ ಗಿರಣಿ ಪಟ್ಟಾದ ತುಂಡು. ಸಿದ್ಧರಾಮನ್ನ ಅಂಗಳದಾಗ ಅಂಗಾತ ಕೆಡವಿದ. ತನ್ನ ವಾರ್ಡರ್ ಮಂದಿಯಿಂದ ಹಿಡಸಲಿಲ್ಲ. ಕೈದಿಗಳನ್ನ ನಾಕು ಮಂದಿ ಆರಿಸಿದ. ನೀ ಬಲಗೈ, ನೀ ಎಡಗೈ, ನೀ ಬಲಗಾಲು. ಜಹೀರನ್ನ ನೋಡಿದ.

"ನೀ ಎಡಗಾಲು ಹಿಡಿ. ಇಲ್ಲಂದ್ರ ಮುಂದಿನ ಪಾಳಿ ನಿಂದು."

ಜಹೀರ ಹಿಡದ.

ಫಟ್. ಅಂಗಾಲಿಗೆ ಬೀಳೂ ಏಟಿನ ಸಪ್ಪಳ ತೆಳ್ಳಗ ಇರ್ತದ. ಹತ್ತು ಆದ ಮ್ಯಾಲ ಅದು ಬದಲಾತು, ದಪ್ಪ ಆತು. ಇಪ್ಪತ್ತಕ್ಕ ಚರ್ಮ ಸೀಳಿತು. ಬಿಸಿ ರಕ್ತ ಜಹೀರನ ಬೆರಳ ಸಂದ್ಯಾಗ ಇಳೀತು, ಹಿಡಿ ಜಾರಿತು. ಬಸಂತರಾಯ ಘಟ್ಟಿ ಹಿಡಿ ಅಂದ. ಜಹೀರ ಕೈ ಅಂಗಿಗೆ ಒರಸಿಕೊಂಡ... ಮತ್ತ ಹಿಡದ. ಸಿದ್ಧರಾಮ ಚೀರೋದು ಬಿಟ್ಟು ಇವನ್ನ ನೋಡಿದ. ಸಣ್ಣ ದನೀಲೆ ಅಂದ, "ಕಾಲ ಬಿಡು, ಜಹೀರಣ್ಣ."

ಜಹೀರ ಬಿಡಲಿಲ್ಲ.

ಆಮ್ಯಾಲ ಅವನ್ನ ಎಬ್ಬಿಸಿ ಅಂಗಳ ಸುತ್ತ ನಡಸಿದ್ರು. ಪಚ್... ಪಚ್. ಮೂರನೇ ಸುತ್ತಿಗೆ ಬಿದ್ದ. ಬಸಂತರಾಯ ಬೂಟಿನಿಂದ ಪಕ್ಕಡಿಗೆ ಒದ್ದ, ಒಳಗ ಏನೋ ಮುರದದ್ದು ಎಲ್ಲರಿಗೂ ಕೇಳ್ತು. ಅಂಗಳದಾಗ ಬಿದ್ದಲ್ಲೇ ಬೆಳಗಾಗೂತನಕ ನೀರು ನೀರು ಅಂದ. ಬ್ಯಾರಕ್ಕಿನ ಬಾಗಿಲಿಗೆ ಕೀಲಿ ಇತ್ತು. ಬೆಳಗ್ಗೆ ಅಂವ ಇರಲಿಲ್ಲ.

ಬಚ್ಚಲದಾಗ ಜಾರಿ ಬಿದ್ದು ಸತ್ತ ಅಂತ ಕಾಗದ ಆತು. ಜಹೀರ ಅದಕ್ಕ ಸಾಕ್ಷಿ ಅಂತ ಸಹಿ ಮಾಡಿದ. ಸಹಿ ಮಾಡಿದ ಎಂಟು ದಿನಕ್ಕ ಯಾರೋ ಉತಾರ ತಂದು ಜಾಮೀನ ನಿಂತ್ರು. ಯಾರು ನಿಂತ್ರು, ಯಾಕ ನಿಂತ್ರು... ಅಂವ ಕೇಳಲಿಲ್ಲ.

ಈಗ ಬಾವಿ ಹತ್ರ ಅದ ಸಪ್ಪಳ. ಜಹೀರ ಹಿಂದ ತಿರುಗಲಿಲ್ಲ. ಕಿವಿ ಬುಡಕ ದನಿ ಬಂತು. ಉಸರು ಇರಲಿಲ್ಲ, ಬರೇ ದನಿ.

"ಕಾಲ ಬಿಡು, ಜಹೀರಣ್ಣ."

ಕೆಳಗ ನೋಡಿದ್ರ ಅವನ ಎರಡೂ ಕೈ ತಾವ ಮುಷ್ಟಿ ಕಟ್ಟಿದ್ದು. ಒಳಗ ತಣ್ಣಗ, ದುಂಡಗ ಏನೋ ಸಿಕ್ಕಂಗ. ಕಣ್ಣಿಗೆ ಏನೂ ಕಾಣಲಿಲ್ಲ. ಬಿಡಸಾಕ ಹೋದ, ಬರಲಿಲ್ಲ. ಓಡಿದ.

ಹೆಂಡತಿ ಮೆಹನಾಜ ಬಾಗಿಲ ತಗದಾಗ ಮುಷ್ಟಿ ಹಂಗ ಇದ್ದು. ಆಕಿ ಎಣ್ಣಿ ಹಚ್ಚಿದಳು, ಬಿಸಿನೀರಾಗ ಇಟ್ಟಳು, ಚಮಚದ ಹಿಡಿ ಹಾಕಿ ಮೀಟಿದಳು. ಬೆರಳು ಮುರದಾವು ಅನ್ನೂ ಹಂಗಾತು, ತಗೀಲಿಲ್ಲ. ಬಾಗೇವಾಡಿ ಡಾಕ್ಟರು ನರದ ಇಂಜೆಕ್ಷನ್ ಮಾಡಿದ್ರು. ದರ್ಗಾಕ ಹೋಗಿ ಬಂದ್ರು. ಉಗುರು ಅಂಗೈಯಾಗ ಬೆಳದು ಮಾಂಸಕ್ಕ ಇಳದು ಕೀವು ಆತು. ತಿಂಗಳತನಕ ಮೆಹನಾಜ ತುತ್ತು ಮಾಡಿ ಉಣಿಸಿದಳು. ನಾನೂ ನೋಡೇನಿ ಆ ಕೈ.

ಆವಾಗ ವೃಂದಾ ವಕೀಲರು ಬಂದ್ರು, ಮುದ್ದೇಬಿಹಾಳದಾವ್ರು. ಜೈಲಿನ್ಯಾಗ ಮನಷ್ಯಾರನ್ನ ಹಿಂಗ ತುಂಬಬಾರದು ಅಂತ ಮೂರು ವರ್ಷದಿಂದ ಕೋರ್ಟಿಗೆ ಓಡ್ಯಾಡಾಕತ್ತಿದ್ರು. ಸಿದ್ಧರಾಮನ ಸಾವಿನ ವಿಚಾರಣಿ ಹತ್ತಿತ್ತು. ಕೈಕಾಲು ಹಿಡದ ಉಳದ ಮೂವರು ಬಾಯಿ ಬಿಟ್ಟಿರಲಿಲ್ಲ. ಜಹೀರ ಎಲ್ಲಾ ಹೇಳಿದ. ವಕೀಲರು ಪೆನ್ನು ಕೆಳಗ ಇಟ್ರು.

"ಕೋರ್ಟಿನ್ಯಾಗ ಇದನ್ನ ಹೇಳಿದ್ರ ನಿಮ್ಮ ಮ್ಯಾಲೂ ಕೇಸ್ ಆಗ್ತದ ನೋಡ್ರಿ. ಮುಚ್ಚಿಟ್ಟು ನಿಮ್ಮನ್ನ ಕರಕೊಂಡ ಹೋಗೂದು ನನಗ ಬ್ಯಾಡ."

ಜಹೀರ ಮೆಹನಾಜಳ ಕಡೆ ನೋಡಿದ. ಆಕಿ ಅವನ ಮುಷ್ಟಿ ಮ್ಯಾಲಿನ ಬಟ್ಟಿ ಬಿಚ್ಚಿ, ಹೊಸಾದು ಕಟ್ಟಿದಳು.

ವಿಚಾರಣಿ ಹಿಂದಿನ ದಿನ, ದೀಪ ಹಚ್ಚೂ ಹೊತ್ತಿಗೆ ಬಸಂತರಾಯ ಮೋಟಾರ್‌ಸೈಕಲ್ ಮ್ಯಾಲ ಬಂದ. ಮಾತಾಡೂದೈತಿ ಅಂತ ಜಹೀರನ್ನ ಜುಲುಮಿಲೆ ಹಿಂದ ಕೂಡಿಸಿಕೊಂಡು ಬಾವಿಗೆ ಒಯ್ದ. ಇಳಿಯೂದ ತಡ, ಅದ ಪಟ್ಟಾದಿಂದ ಬಾಯಿ ಮ್ಯಾಲ ಹೊಡದ. ಎರಡು ಹಲ್ಲು ಹ್ವಾದು. ಕೊಳ್ಳಾಗ ಕೈ ಹಾಕಿ ಬಾವಿ ಕಟ್ಟಿಗೆ ಒತ್ತಿದ. ಜಹೀರಗ ಬಿಡಸಿಕೊಳ್ಳಾಕ ಕೈ ಎಲ್ಲಿದ್ದು? ಅರ್ಧ ಮೈ ಬಾವಿಯೊಳಗ ಜೋತು ಬಿತ್ತು.

ಪಚ್.

ಬಸಂತರಾಯ ತಿರುಗಿ ನೋಡಿದ. ಯಾರೂ ಇಲ್ಲ... ಪಚ್. ಕೊಳ್ಳಿನ ಹಿಡಿ ಸಡ್ಲ ಆತು. ಮರುಗಳಿಗಿ ಅವನ ಕಾಲು ಯಾರೋ ಎಳದಂಗ ಆಗಿ ಬಕ್ಕಬರ್ಲೆ ಬಿದ್ದ. ಗಲ್ಲ ಕಲ್ಲಿಗೆ ಬಡೀತು. ಮೊಳಕಾಲು ಮಡಚಿ ಎರಡೂ ಅಂಗಾಲು ಆಕಾಶಕ್ಕ ಮಾರಿ ಮಾಡಿ ನಿಂತ್ವು, ಅಲುಗಾಡಲಿಲ್ಲ.

ಫಟ್.

ಪಟ್ಟಾ ನೆಲದ ಮ್ಯಾಲ ಹಂಗ ಬಿದ್ದಿತ್ತು. ಆದ್ರ ಸಪ್ಪಳ ಮಾತ್ರ... ಫಟ್. ಫಟ್. ಬಸಂತರಾಯ ಮಣ್ಣು ಕಚ್ಚಿ ಚೀರಿದ, ಬಿಡ್ರೋ ಅಂತ ಬೇಡಿದ. ಹತ್ತು ಆದ ಮ್ಯಾಲ ಸಪ್ಪಳ ದಪ್ಪ ಆತು. ಜಹೀರ ಎಣಿಸಬಾರದು ಅಂದ್ರೂ ಎಣಿಸಿದ. ಕಡೀಕ ಕಟಕ್ ಅಂತು ಒಂದು ಎಲುಬು, ಆಮ್ಯಾಲ ಇನ್ನೊಂದು.

ಹೊಲದ ಮಂದಿ ಬ್ಯಾಟರಿ ಹಿಡಕೊಂಡು ಓಡಿ ಬಂದ್ರು. ಬೂಟಿಗೆ ಒಂದು ಗೀರೂ ಇರಲಿಲ್ಲ. ದವಾಖಾನ್ಯಾಗ ಬೂಟು ಕೊಯ್ದು ತಗದ್ರ ಒಳಗ ತುಂಬ ರಕ್ತ, ಅಂಗಾಲಿನ ಚರ್ಮ ಸಾಕ್ಸಿನ ಕೂಡ ಬಂತು. ಜಹೀರನ ಮ್ಯಾಲ ಸಂಶಯ ಪಟ್ರು. ಡಾಕ್ಟರು ಅವನ ಮುಷ್ಟಿ ನೋಡಿ, ಈ ಕೈಲೆ ಕಡ್ಡಿ ಹಿಡಿಯಾಕೂ ಆಗಾಂಗಿಲ್ಲ ಅಂತ ಬರದು ಕೊಟ್ರು.

ಮರುದಿನ ಊದಿದ ಬಾಯಿ ತಗೊಂಡು ಜಹೀರ ಜಡ್ಜ್ ಮುಂದ ನಿಂತ. ಹಿಂದ ಸಿದ್ಧರಾಮನ ಅವ್ವ ಶೇವಂತೆವ್ವ ಕುಂತಿದ್ದಳು. ಎಡಗಾಲು ಯಾರು ಹಿಡದಿದ್ರು ಅಂತ ಜಡ್ಜ್ ಕೇಳಿದ್ರು.

"ನಾನ್ರಿ. ಜಾರಿತ್ತು... ಕೈ ಒರಸಿಕೊಂಡು ಮತ್ತ ಹಿಡದೆ."

ಕೋರ್ಟಿನ್ಯಾಗ ಎಲ್ಲರಿಗೂ ಕೇಳ್ತು. ಲಟ್... ಲಟ್... ಒಂದೊಂದ ಬೆರಳು ತಾನ ಬಿಚ್ಚಿತು. ಶೇವಂತೆವ್ವ ಅವನ ಮಾರಿ ನೋಡಲಿಲ್ಲ. ಎದ್ದು ಹೊರಗ ಹ್ವಾದಳು.

ಈಗ ಜಹೀರನ ಮ್ಯಾಲ ಕೇಸ್ ನಡದೈತಿ. ಕುಂಟೂ ಬಸಂತರಾಯನ ಮ್ಯಾಲೂ ನಡದೈತಿ. ವೃಂದಾ ವಕೀಲರ ಅರ್ಜಿಗೆ ಆದೇಶ ಆತು. ಬ್ಯಾರಕ್ಕಿನ್ಯಾಗ ಹದಿನೈದಕ್ಕಿಂತ ಒಬ್ಬನೂ ಹೆಚ್ಚಿಗಿ ಇರಬಾರದು, ಎರಡು ಹೊಸ ಸಂಡಾಸ, ನಾಕು ಫ್ಯಾನು.

ಆ ಫ್ಯಾನು ಹಾಕಾಕ ಹೋದಾಂವ ನಾನು. ಕರೆಂಟಿನ ಕೆಲಸ ನಂದು. ಮಧ್ಯಾಹ್ನ, ಬಿಸಲಂದ್ರ ಬಿಸಲು. ಹದಿನೈದೂ ಮಂದಿ ಹೊಸಬರು, ಹಳೇ ಕತಿ ಯಾರಿಗೂ ಗೊತ್ತಿಲ್ಲ. ಎಲ್ಲಾರೂ ಒಂದ ಗ್ವಾಡಿಗೆ ಒತ್ತಿ, ಮಗ್ಗಲಿಗೆ ಮಗ್ಗಲ ಹಚ್ಚಿ ಮಲಗಿದ್ರು, ಬೆವತು ತೊಯ್ದಿದ್ರು. ಉಳದ ನೆಲ ಎಲ್ಲಾ ಖಾಲಿ. ಸ್ವಲ್ಪ ಸರದು ಮಲಗಬಾರದ ಅಂದೆ. ಇಂಡಿ ಕಡಿಯ ಒಬ್ಬ ಮುದಕ ತಲಿ ಎತ್ತಿದ.

"ಜಾಗಾ ಎಲ್ಲೈತ್ರಿ?" ಅಂದ.

ಮಂದಿ ಮಲಗಿದ ಕಡೆ ಮೂರು ಫ್ಯಾನು ನನ್ನ ಕೈಲೆ ಹಾಕೇನಿ. ನಾಕನೇದು ಡಬ್ಬ್ಯಾಗ ಹಂಗ ಐತಿ. ಖಾಲಿ ನೆಲದ ಮ್ಯಾಲ ಏಣಿ ಇಡಾಕ ಮೂರ ಸಲ ನೋಡಿದೆ, ಮೂರೂ ಸಲ ಏಣಿ ಕಾಲು ಕಾಣದ ಯಾರದೋ ಮೈಗೆ ತಾಗಿತು... ಇಡಾಕ ಜಾಗಾ ಸಿಗಲಿಲ್ಲ.