ಮಂಜಿನಲ್ಲಿ ಬಗ್ಗಿದ ಸಾಲು

ಸಿದ್ದಾಪುರದ ನಿಲ್ದಾಣದಲ್ಲಿ ವಿರಾಜಪೇಟೆ ಬಸ್ಸಿಗೆ ಕಾಯುತ್ತಿದ್ದ ಯಮುನಳ ಕಿವಿ ಪಕ್ಕದ ಬೆಂಚಿಗೇ ಅಂಟಿಕೊಂಡುಬಿಟ್ಟಿತು. ಅಲ್ಲಿ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಮಾರಿ, ಡಾಕ್ಟರೇಟ್ ಪಡೆದು ಬಂದ ಮಗಳು ಶೋಭಿತಾಳಿಂದ ಭಾಷಣ ಕಲಿಯುತ್ತಿದ್ದಳು. ಸಂಜೆ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳವರು ಮಗಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅವಳು ಓದಿದ್ದು ಏನೆಂದು ತಾಯಿಯೇ ಹೇಳಬೇಕಿತ್ತು.

"ಆಕಾಶದಲ್ಲಿರೋ ಕಪ್ಪು ಗುಂಡಿ..."

"ಗುಂಡಿ ಅಲ್ಲವ್ವಾ! ಕಪ್ಪು ದ್ರವ್ಯ. ಕಣ್ಣಿಗೆ ಕಾಣಲ್ಲ, ತೂಕ ಮಾತ್ರ ಇದೆ. ಹಿಂದಿರೋ ಗೆಲಾಕ್ಸಿಗಳ ಬೆಳಕು ಅದನ್ನ ದಾಟಿ ಬರುವಾಗ ಚೂರು ಬಾಗುತ್ತೆ. ಅವುಗಳ ಆಕಾರ ಸೊಟ್ಟಗೆ ಕಾಣುತ್ತೆ."

"ಒಂದು ಸೊಟ್ಟಗಾದ್ರೆ ಸಾಕಾ, ಅದು ಅಲ್ಲೈತೆ ಅನ್ನೋಕೆ?"

"ಸಾಕಾಗಲ್ಲ. ಅದು ಹುಟ್ಟಾ ಸೊಟ್ಟಗಿರಬಹುದು. ಸಾವಿರಾರು ನೋಡ್ಬೇಕು. ಆ ದ್ರವ್ಯದ ಹತ್ತಿರ ಕಾಣೋವು ಜಾಸ್ತಿ ಬಾಗಿರ್ತವೆ, ಅದರಿಂದ ದೂರದವು ಕಮ್ಮಿ. ಅದರಿಂದ ಕಾಣದ್ದು ಎಲ್ಲಿ ದಟ್ಟ, ಎಲ್ಲಿ ತೆಳು ಅಂತ ಅಳೀತೀವಿ."

ಮಾರಿ ಕಿಸಕ್ಕನೆ ನಕ್ಕಳು.

"ಅಯ್ಯೋ, ಇದು ಹಾಜರಿ ಬರ್ಕೊಂಡು ನಮ್ಮನ್ನ ಕಾಯೋ ರೈಟ್ರು ಕಣೇ! ಮಂಜಲ್ಲಿ ಅವ್ರು ಕಾಣಲ್ಲ. ಒಬ್ಬಳು ಬಗ್ಗಿದ್ರೆ ಸೊಂಟನೋವು ಅನ್ಬಹುದು. ಸಾಲಿಗೆ ಸಾಲೇ ಬಗ್ಗಿದ್ರೆ ಅವ್ರು ಬಂದವ್ರೆ ಅಂತಾನೇ. ಹತ್ತಿರದವ್ರು ನೆಲ ಮುಟ್ಟೋ ಹಂಗೆ, ದೂರದವ್ರು ಸುಮ್ನೆ ಒಂಚೂರು!"

ಶೋಭಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಬಸ್ಸು ಬಂದು ಹೋದದ್ದು ಯಮುನಳಿಗೆ ಗೊತ್ತೇ ಆಗಲಿಲ್ಲ.

"ಇದನ್ನೇ ಹೇಳವ್ವಾ!"

"ರೈಟ್ರು ಮುಂದಿನ ಕುರ್ಚೀಲೇ ಕೂತಿರ್ತಾರಲ್ಲೇ?"

"ಕೂತಿರ್ಲಿ."

ಮಾರಿ ಸೆರಗು ಬಿಗಿಮಾಡಿಕೊಂಡಳು. ಎಸ್ಟೇಟ್ ಕಡೆಯ ಬಸ್ಸು ಹಾರನ್ ಹೊಡೆಯಿತು.

"ಹೇಳ್ತೀನಿ. ಮೊದ್ಲು ನಮ್ಮ ಹೆಂಗಸರಿಗೆಲ್ಲ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊಳ್ಳಿ ಅಂತೀನಿ, ಆಮೇಲೆ ಶುರು ಮಾಡ್ತೀನಿ" ಎನ್ನುತ್ತಾ ಮಗಳ ಕೈಹಿಡಿದು ಬಸ್ಸು ಹತ್ತಿದಳು.