ಗಾಜಿನ ಮೇಲಿನ ಹಸಿರು ಚೀಟಿ

ಅಧ್ಯಕ್ಷತೆ ವಹಿಸಿರುವ ತಪಾಸಣಾ ಕೇಂದ್ರದ ನಿರ್ದೇಶಕ ಕ್ವೀ ಅವರೇ, ಸಾರಿಗೆ ಇಲಾಖೆಯಿಂದ ಬಂದಿರುವ ಅತಿಥಿಗಳೇ, ಇಂದು ಸನ್ಮಾನಗೊಳ್ಳಲಿರುವ ಇಂಜಿನಿಯರ್ ತ್ರಾಮ್ ಅವರೇ, ಸ್ಟಿಯರಿಂಗ್ ಬಿಟ್ಟು ಕುರ್ಚಿ ಹಿಡಿದು ಕೂತಿರುವ ನನ್ನ ಚಾಲಕ ಬಂಧುಗಳೇ, ಸಭಿಕರೇ. ತ್ರಾಮ್ ನನ್ನ ಮಗಳು, ಇದೇ ಕೇಂದ್ರದಲ್ಲಿ ಬಸ್ಸುಗಳ ತಪಾಸಣೆ ಮಾಡುವವಳು. ಮನೆಯಲ್ಲಿ ನಾನು ‘ಅವರೇ’ ಅಂದರೆ, “ಏನಪ್ಪಾ, ಜ್ವರಾನಾ?” ಅಂತ ಹಣೆ ಮುಟ್ಟಿ ನೋಡುತ್ತಾಳೆ. ಇದು ವೇದಿಕೆ, ಸ್ವಲ್ಪ ಸಹಿಸಿಕೊಳ್ಳಮ್ಮ.

ನಾನು ಖೋಯ್, ಬಸ್ ಮಾಲೀಕರ ಸಹಕಾರ ಸಂಘದ ಅಧ್ಯಕ್ಷ. ಮನೆಯಲ್ಲಿ ಆರನೆಯವನಾಗಿ ಹುಟ್ಟಿದ್ದಕ್ಕೆ ನಿಮಗೆಲ್ಲ ಆರನೇ ಮಾಮ. ಕಾಗದದ ತಪಾಸಣೆ ಸ್ಟಿಕ್ಕರ್ ಇವತ್ತಿಗೆ ಮುಗಿಯಿತು, ಇನ್ನು ಮೇಲೆ ಎಲ್ಲ ಎಲೆಕ್ಟ್ರಾನಿಕ್, ಎಲ್ಲ ಫೋನಿನಲ್ಲೇ. ಆ ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಬ್ಲೇಡ್ ಇದೆಯಲ್ಲ, ಅದರಿಂದ ನಿರ್ದೇಶಕರು ಕಟ್ಟಕಡೆಯ ಕಾಗದದ ಸ್ಟಿಕ್ಕರನ್ನು ಗಾಜಿನಿಂದ ಹೆರೆದು ತೆಗೆಯುವವರಿದ್ದಾರೆ. ಅದಕ್ಕೆ ಮುಂಚೆ ಎರಡು ಮಾತಾಡಿ ಅಂದರು. ಆ ಗೋಡೆ ಗಡಿಯಾರ ಸರಿಯಾಗಿ ನಡೆಯುತ್ತಿದೆಯಾ? ನಡೆಯುತ್ತಿದೆ ಅನ್ನುತ್ತೀರಾ. ಆಗಲಿ.

ಆ ಕಾಗದದ ತುಂಡಿಗೆ ನಾವೆಷ್ಟು ನಡೆದುಕೊಂಡಿಲ್ಲ! ತಪಾಸಣೆಗೆ ಹೋಗುವ ದಿನ ಊದುಬತ್ತಿ ಹಚ್ಚಿಲ್ಲವೇ? ತಿಂಗಳ ಮೊದಲಲ್ಲಿ ಬೊಂಡಾಸ ಮೀನು ತಿಂದರೆ ಬಸ್ಸಿಗೆ ಕೆಟ್ಟದ್ದು ಅಂತ ಬಾಯಿ ಕಟ್ಟಿಲ್ಲವೇ? ಪ್ರಯಾಣಿಕರೂ ಅಷ್ಟೇ. ಮೀನಿನ ರಸ ಮಾರುವ ನಾಲ್ಕನೇ ಅಕ್ಕ ನಿಮಗೆಲ್ಲ ಗೊತ್ತು. ಬಸ್ ಹತ್ತುವ ಮುಂಚೆ ಕನ್ನಡಕ ಮೇಲೇರಿಸಿ ಗಾಜಿನ ಮೂಲೆ ನೋಡುತ್ತಾಳೆ. “ನಿನ್ನ ಮುಖ ನಂಬಿ ಯಾರು ಹತ್ತುತಾರೋ ಖೋಯ್? ಆ ಚೀಟಿ ನಂಬಿ ಹತ್ತೋದು!” ಅಂತಾಳೆ. ಅವಳ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಅವಳು ಸ್ಕ್ಯಾನ್ ಮಾಡುವುದುಂಟೇ?

ಅದಕ್ಕೇ ನಾನೊಂದು ಉಪಾಯ ಮಾಡಿದೆ. ನಗಬೇಡಿ. ಹೋದ ತಿಂಗಳು ನಮ್ಮ ಸಂಘಕ್ಕೇ ಮೊದಲು ಎಲೆಕ್ಟ್ರಾನಿಕ್ ಸ್ಟಿಕ್ಕರ್ ಫೋನಿಗೆ ಬಂದ ಕೂಡಲೇ ಜೆರಾಕ್ಸ್ ಅಂಗಡಿಗೆ ಹೋಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಹಳೆಯ ಜಾಗದಲ್ಲೇ ಅಂಟಿಸಿದೆ. ಸಂಘದ ಅಷ್ಟೂ ಬಸ್ಸುಗಳಿಗೆ! ಹಸಿರು ಅಂದರೆ ಹಸಿರು, ಮಳೆ ಬಿದ್ದರೂ ಕದಲುವುದಿಲ್ಲ. ತ್ರಾಮ್ ನೋಡಿ ತಲೆ ಚಚ್ಚಿಕೊಂಡಳು. “ಅಪ್ಪಾ, ಫೋನಲ್ಲಿರೋದು ಬದಲಾಗತ್ತೆ. ನಿನ್ನ ಪ್ಲಾಸ್ಟಿಕ್ಕಿಗೆ ಅದು ಹೇಗೆ ಗೊತ್ತಾಗತ್ತೆ?” ಅಂದಳು. “ಜನಕ್ಕೆ ಧೈರ್ಯ ಬೇಕು ಕಣೇ, ಅದಕ್ಕೆ ಪ್ಲಾಸ್ಟಿಕ್ ಸಾಕು,” ಅಂದೆ ನಾನು. ಎಷ್ಟು ಚೆನ್ನಾಗಿ ಉತ್ತರ ಕೊಟ್ಟೆ ಅಂತ ಆ ದಿನವೆಲ್ಲ ಬೀಗಿದ್ದೆ.

ನೀರು ಇದೆಯಾ? ಥ್ಯಾಂಕ್ಸ್.

ಏನು ಹೇಳುತ್ತಿದ್ದೆ? ಧೈರ್ಯ. ನನ್ನ ಹೆಂಡತಿ ಸೆನ್ ನಮ್ಮ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವಳು. ಹೊಸ ಸ್ಟಿಕ್ಕರ್ ಅಂಟಿಸಿದಾಗ ಹೆಬ್ಬೆರಳಲ್ಲಿ ಒತ್ತಿ ಒತ್ತಿ, “ಕಾಪಾಡಪ್ಪ” ಅನ್ನುತ್ತಿದ್ದಳು. ತ್ರಾಮ್ ಚಿಕ್ಕವಳಾಗಿದ್ದಾಗ ಒಂದು ವರ್ಷ ಆನ್‌ಖೇ ಘಾಟಿಯಲ್ಲಿ ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ಬಸ್ಸನ್ನು ಗುಡ್ಡಕ್ಕೆ ಉಜ್ಜಿ ನಿಲ್ಲಿಸಿದೆ. ಎಲ್ಲರೂ ಉಳಿದರು, ಅವಳ ಕಾಲು ಮಾತ್ರ ಮೊದಲಿನಂತೆ ಉಳಿಯಲಿಲ್ಲ, ಇವತ್ತಿಗೂ ಎಳೆದು ನಡೆಯುತ್ತಾಳೆ. ಸ್ಟಿಕ್ಕರಿನ ಅವಧಿ ಇನ್ನೂ ಇತ್ತು, ಸ್ವಾಮಿ! ಗಾಜು ಪುಡಿಪುಡಿಯಾಗಿತ್ತು, ಮೂಲೆಯಲ್ಲಿ ಆ ಚೀಟಿ ಮಾತ್ರ ನೆಟ್ಟಗಿತ್ತು. ಅದನ್ನು ನೋಡಿಯೇ ನಮ್ಮ ತ್ರಾಮ್ ಈ ಓದು ಓದಿದ್ದು. ಆವತ್ತಿನಿಂದ ಸೆನ್ ಬಸ್ ಹತ್ತಿಲ್ಲ. ತಂಗಿ ಮನೆಗೆ ಘಾಟಿ ಮೇಲೆ ಹೋಗುವುದಾದರೂ ಯಾರದಾದರೂ ಮೋಟರ್‌ಬೈಕಿನ ಹಿಂದೆ ಕೂತೇ ಹೋಗುವುದು.

ಇವತ್ತು ಹತ್ತಿದ್ದಾಳೆ.

ನಾನು ಈ ವೇದಿಕೆ ಮೆಟ್ಟಿಲು ಹತ್ತುವಾಗ ಘಾಟಿ ಮೇಲಿನ ತಂಗಿಯ ಊರಿಂದ ಅವಳ ಫೋನ್ ಬಂತು. “ರೀ, ಮಗಳಿಗೆ ಹೂ ಕೊಡೋದನ್ನ ನೋಡಬೇಕು. ನಮ್ಮ ಹೌನ ಬಸ್ಸೇ ಇಲ್ಲಿ ನಿಂತಿತ್ತು. ಗಾಜು ನೋಡಿದೆ, ಹಸಿರು ಚೀಟಿ ಇದೆ. ಹತ್ತಿಬಿಟ್ಟೆ ಕಣ್ರೀ!” ಅಂದಳು. ದನಿಯಲ್ಲಿ ಏನು ಖುಷಿ! ಕಡುಬಿನ ಬುಟ್ಟಿ ತೊಡೆ ಮೇಲೆ ಇಟ್ಟುಕೊಂಡಿದ್ದಾಳಂತೆ. ಹೌ ನನ್ನ ತಮ್ಮ, ಬಹಳ ಜೋಪಾನದ ಚಾಲಕ, ಬಸ್ ತುಂಬುವವರೆಗೂ ಹೊರಡುವುದಿಲ್ಲ. ತೆತ್ ಹೊಸವರ್ಷದ ಹಬ್ಬದ ಜನ ನೋಡಿ, ಬೇಗ ತುಂಬುತ್ತದೆ. ಇಷ್ಟು ಹೊತ್ತಿಗೆ ಹೊರಟಿರಬಹುದು. ಘಾಟಿ ದೂರವಿಲ್ಲ.

ತಂತ್ರಜ್ಞಾನದ ಬಗ್ಗೆ ಹೇಳುವುದಾದರೆ, ಮಹನೀಯರೇ, ತಂತ್ರಜ್ಞಾನ ಅನ್ನುವುದು... ಏನಮ್ಮಾ ತ್ರಾಮ್? ಯಾಕೆ ಎದ್ದೆ? ಕೂತುಕೋ, ನನ್ನದು ಇನ್ನೂ ಮುಗಿದಿಲ್ಲ.

ಇಲ್ಲ. ಕೂರಬೇಡ.

ಸಭಿಕರೇ, ಹೌನ ಬಸ್ಸು ಹಬ್ಬದ ಮುಂಚಿನ ಮರುತಪಾಸಣೆಯಲ್ಲಿ ಮೊನ್ನೆ ಫೇಲಾಗಿದೆ. ಹಿಂದಿನ ಬ್ರೇಕು. ಫೇಲ್ ಮಾಡಿದ್ದು ಇವಳೇ, ನನ್ನ ಮಗಳೇ. ಫೋನಿನಲ್ಲಿ ಆವತ್ತೇ ಕೆಂಪಾಯಿತು. ಗಾಜಿನ ಮೇಲೆ ನಾನು ಅಂಟಿಸಿದ್ದು ಹಸಿರಾಗಿಯೇ ಇದೆ. “ಶೆಡ್‌ನಲ್ಲಿ ನಿಲ್ಲಿಸಿದ್ದೀನಿ” ಅಂತ ಇವಳಿಗೆ ಹೇಳಿ, “ಹಬ್ಬದ ಜನ ಕಾಯ್ತಿದಾರೆ, ನಿಧಾನ ಇಳಿಸು” ಅಂತ ತಮ್ಮನಿಗೆ ಹೇಳಿದವನು ನಾನು. ಹೆಂಡತಿ ಫೋನಿಟ್ಟ ಮೇಲೂ, ಈ ಸಭೆಯಲ್ಲಿ, ಈ ಮಗಳ ಮುಂದೆ ಹೇಗೆ ಬಾಯಿ ಬಿಡಲಿ ಅಂತ ಮೈಕ್ ಹಿಡಿದು ನಿಂತೆ. ನನ್ನ ಜನ್ಮಕ್ಕಿಷ್ಟು! ಫೋನ್ ಮಾಡು ಮಗಳೇ, ಚಿಕ್ಕಪ್ಪನಿಗೆ ಮಾಡು. ಇಗೋ, ನನ್ನ ಫೋನೇ ತಗೋ.

ದಯವಿಟ್ಟು ಯಾರೂ ಮಾತಾಡಬೇಡಿ. ಆ ಫ್ಯಾನ್ ಆರಿಸಿ, ಅವಳಿಗೆ ಕೇಳಲಿ. ನಿರ್ದೇಶಕರೇ, ಕ್ಷಮಿಸಿ, ನನಗೆ ಕೂರಲು ಆಗುತ್ತಿಲ್ಲ. ಎತ್ತಿದನಾ? ಎತ್ತಲಿಲ್ಲವಾ? ಓಡಿಸುವಾಗ ಎತ್ತುವುದಿಲ್ಲ ಅವನು, ನಾನೇ ಕಲಿಸಿದ್ದು. ಅಮ್ಮನಿಗೆ ಮಾಡು!

ಎತ್ತಿದಳಾ? ಎಲ್ಲಿದ್ದಾರೆ? ಗಟ್ಟಿಯಾಗಿ ಹೇಳಮ್ಮಾ.

ಘಾಟಿಯ ತಲೆಯ ಮೇಲೆ. ಚಹಾದಂಗಡಿ ಮುಂದೆ. ನಿಂತಿದೆ. ನಿಂತಿದೆಯಂತೆ! ಬ್ರೇಕಿನ ವಿಷಯ, ಆ ಚೀಟಿ ವಿಷಯ ಹೇಳಿಬಿಡಮ್ಮಾ. ಎಲ್ಲರೂ ಇಳಿದರಂತೆ.

ಏನು ಮಾಡುತ್ತಿದ್ದಾಳೆ ನಿಮ್ಮಮ್ಮ? ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಹೋದಳಾ... ಆ ಕುಂಟು ಕಾಲಲ್ಲೇ ಬಂಪರ್ ಮೇಲೆ ಹತ್ತಿ, ಆ ಚೀಟಿಯನ್ನು ಉಗುರಿನಿಂದ ಕೀಳುತ್ತಿದ್ದಾಳಂತೆ.

ಅದು ಬರುವುದಿಲ್ಲ, ಸಭಿಕರೇ. ನಾನು ಬಹಳ ಗಟ್ಟಿಯಾಗಿ ಅಂಟಿಸಿದ್ದೇನೆ.

ನಿರ್ದೇಶಕರೇ, ಆ ರಿಬ್ಬನ್ನಿನ ಬ್ಲೇಡ್ ನನಗೆ ಕೊಡಿ. ನಿಮ್ಮ ಕೊನೆಯ ಸ್ಟಿಕ್ಕರ್ ಇನ್ನೊಂದು ದಿನ ಇರಲಿ, ನಾನೀಗ ಘಾಟಿ ಹತ್ತಬೇಕು. ಬೈಕಿದ್ದವರು ಯಾರಾದರೂ ನನ್ನನ್ನು ಹಿಂದೆ ಕೂರಿಸಿಕೊಳ್ಳಿ. ಅವಳ ಉಗುರು ಮುರಿಯುವ ಮುಂಚೆ ಅಲ್ಲಿರಬೇಕು. ಆಮೇಲೆ ಸಂಘದ ಒಂದೊಂದೇ ಗಾಜನ್ನೂ ನಾನೇ ಹೆರೆಯುತ್ತೇನೆ. ನಾಲ್ಕನೇ ಅಕ್ಕನಿಗೆ ದಿನಾ ಬೆಳಿಗ್ಗೆ ನನ್ನ ಫೋನನ್ನೇ ಹಿಡಿದು ತೋರಿಸುತ್ತೇನೆ.

ತ್ರಾಮ್, ಹೂ ತೆಗೆದುಕೊಳ್ಳಮ್ಮ. ಅಮ್ಮನಿಗೆ ನೋಡಲು ಬರಲಾಗಲಿಲ್ಲ, ಅದು ನನ್ನಿಂದ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೂ, ಮೊನ್ನೆ ಅಪ್ಪನ ಬಸ್ಸು ಅಂತ ನೋಡದೆ ಫೇಲ್ ಮಾಡಿದ ಈ ಹುಡುಗಿಗೂ ನನ್ನ ಧನ್ಯವಾದ. ಬಸ್ಸು ನಿಂತಿದೆ. ನಮಸ್ಕಾರ.