ಕುದುರೆಗೆಂದು ಬಿಟ್ಟ ಹುಲ್ಲು

೧೯೭೮ರ ಮಾರ್ಗಶಿರದ ಒಂದು ಬೆಳಿಗ್ಗೆ ಹೊನ್ನಾಳಿಯ ದನದ ಆಸ್ಪತ್ರೆಯ ಮುಂದೆ ನಾನು ನಮ್ಮ ಆಕಳನ್ನು ಹಿಡಿದು ನಿಂತಿದ್ದೆ. ನನ್ನ ಮುಂದೆ ಜಟಕಾ ಓಡಿಸುವ ಶಿವಮೂರ್ತಪ್ಪ ಮತ್ತು ಅವನ ಅಕ್ಕ ಭೀಮಕ್ಕ ಇದ್ದರು. ಅವರ ಕುದುರೆಯ ಬಾಯಿಂದ ರಕ್ತ ಜಿನುಗುತ್ತಿತ್ತು.

“ನಾಲ್ಕು ದಿನದಿಂದ ಏನೂ ತಿಂದಿಲ್ಲ ಅಕ್ಕ.”

“ಹೆಂಗೆ ತಿಂತೈತೆ? ಬಾಯ್ತುಂಬ ಹುಲ್ಲಿನ ಮುಳ್ಳು ಚುಚ್ಚೈತೆ.”

“ಚಳಿಗಾಲಕ್ಕೆ ಮೇವಾಗ್ಲಿ ಅಂತ ಹಳ್ಳದ ದಂಡೆ ಬೀಳುನೆಲದ ಹುಲ್ಲು ಕೊಯ್ಯದೆ ಹಂಗೇ ಬಿಟ್ಟಿದ್ದೆ.”

“ಎದೆಮಟ್ಟ ಬೆಳೆದು ತೆನೆ ಒಣಗಿ ಮುಳ್ಳಾಗಾಕೆ ಬಿಟ್ಟೆ. ತೆನೆ ಬರೋ ಮುಂಚೆ ಒಂದ್ಸಲ ಕೊಯ್ಯಿ, ಆಮೇಲೆ ಚಿಗುರಿದ್ದು ಚಳಿಗಾಲಕ್ಕೆ ಮೆತ್ತಗಿರ್ತೈತೆ ಅಂತ ನಾನು ಹೇಳಿರ್ಲಿಲ್ವ?”

“ಹೂಂ, ನೀನು ಹೇಳಿದ್ದೆ.”

“ಒಲೆ ಮುಂದೆ ಕೂರೋಳಿಗೆ ಹುಲ್ಲಿನ ವಿಚಾರ ಏನು ಗೊತ್ತು ಅಂದೆ ನೀನು. ತನ್ನ ಎಮ್ಮೆ ಬಿಟ್ಟು ಮೇಯಿಸಿಕೊಡ್ತೀನಿ ಅಂತ ಬಂದ ಹಾಲೇಶಪ್ಪನ್ನೂ ಬೈದು ಕಳಿಸ್ದೆ. ಭಾರಿ ಜಾಣ ನೀನು.”

“ಈಗೇನು ಮಾಡ್ಲಿ ಹೇಳು.”

“ಎಲ್ಲ ಕೊಯ್ದು ಹಾಕು. ಉಳಿದ ಬುಡಕ್ಕೆ ಎಮ್ಮೆ ಬಿಡು. ನೆಲದಾಗೆ ಇನ್ನೂ ತೇವ ಐತೆ, ಚಿಗುರ್ತೈತೆ.”

“ನಮ್ಮತ್ರ ಎಮ್ಮೆ ಎಲ್ಲೈತೆ?”

“ಹಾಲೇಶಪ್ಪನ್ನ ಕೇಳು.”

“ಯಾವ ಮುಖ ಇಟ್ಕಂಡು ಕೇಳ್ಲಿ?”

“ಅವತ್ತು ಬೈದ್ಯಲ್ಲ, ಅದೇ ಮುಖ.”

ಕಾಂಪೌಂಡರ್ ಒಳಗಿನಿಂದ ಕೂಗಿದ. ಶಿವಮೂರ್ತಪ್ಪ ಹಗ್ಗ ಎಳೆದಾಗ ಕುದುರೆ ನೋವಿಗೆ ತಲೆ ಕೊಡವಿ ಹಿಂದೆ ಸರಿಯಿತು. ಭೀಮಕ್ಕ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಕುದುರೆಯ ಕತ್ತು ಸವರಿ, ಮೆಲ್ಲಗೆ ನಡೆಸಿಕೊಂಡು ಹೊರಟಳು. ಅವನು ಹಿಂದಿನಿಂದ ತಗ್ಗಿದ ದನಿಯಲ್ಲಿ ಕೇಳಿದ.

“ನಾಳೆ ಅವ್ರ ಮನೆಗೆ ನೀನೂ ಬರ್ತೀಯ ಅಕ್ಕ?”

“ಎಮ್ಮೆ ಹೊಡ್ಕಂಡು ಬರಾಕೆ ಬರ್ತೀನಿ. ಮಾತು ನೀನೇ ಆಡ್ಬೇಕು.”

ಕುದುರೆಯ ಜೊತೆ ಇಬ್ಬರೂ ಒಳಗೆ ಹೋದರು.